ಫ್ಯೂಸನ್ನು ನಂಬಿ ಕೆಡುವ ರೆಗ್ಯುಲೇಟರ್

"ಫ್ಯೂಸ್ ಐತಲ್ಲ ಸಾರ್, ಇನ್ನೇನು ಬೇಕು?" ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ರಿಪೇರಿ ಅಂಗಡಿಗಳಲ್ಲಿ ಈ ಮಾತು ಕೇಳದವರಿಲ್ಲ. ಕಾಲೇಜಿನ ಲ್ಯಾಬಿಗೆ ಹೋದರೆ ಅದೇ ಮಾತು ಪಠ್ಯದ ಭಾಷೆಯಲ್ಲಿ ಬರುತ್ತದೆ: ಕರೆಂಟ್ ಲಿಮಿಟಿಂಗ್ ಎನ್ನುವುದು ಹೆಚ್ಚುವರಿ ಸೌಲಭ್ಯ, ಮೂಲ ಸರ್ಕ್ಯೂಟಿಗೆ ಅದು ಬೇಕಿಲ್ಲ. ಟ್ರಾನ್ಸಿಸ್ಟರಿನಿಂದ ಕಟ್ಟುವ ಲೀನಿಯರ್ ವೋಲ್ಟೇಜ್ ರೆಗ್ಯುಲೇಟರ್ ಬಗ್ಗೆ ಅಂಗಡಿಯವರೂ ಮೇಷ್ಟ್ರುಗಳೂ ಒಪ್ಪಿಕೊಂಡಿರುವ ಈ ಅಭಿಪ್ರಾಯ ತಪ್ಪು. ವೋಲ್ಟೇಜನ್ನು ಹಿಡಿದಿಟ್ಟು ಕರೆಂಟನ್ನು ಅದರ ಪಾಡಿಗೆ ಬಿಟ್ಟ ರೆಗ್ಯುಲೇಟರ್ ಅರ್ಧ ಕಟ್ಟಿದ ರೆಗ್ಯುಲೇಟರ್. ಆ ಅರ್ಧವನ್ನೇ ಪೂರ್ತಿ ಎಂದು ಕಲಿಸುತ್ತಿದ್ದೇವೆ, ಪೂರ್ತಿ ಎಂದು ಮಾರುತ್ತಿದ್ದೇವೆ.

ಇದು ಹವ್ಯಾಸಿಗಳ ನಡುವಿನ ಸಣ್ಣ ತಕರಾರು ಎಂದು ಯಾರೂ ಭಾವಿಸಬಾರದು. ತರಕಾರಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ಒಳಗೆ 6 ವೋಲ್ಟಿನ ಪುಟ್ಟ ಲೆಡ್ ಆ್ಯಸಿಡ್ ಬ್ಯಾಟರಿ ಇರುತ್ತದೆ, ಅದನ್ನು ಚಾರ್ಜ್ ಮಾಡಲು ಒಂದು ಟ್ರಾನ್ಸ್‌ಫಾರ್ಮರ್, ಒಂದು ರೆಗ್ಯುಲೇಟರ್ ಇರುತ್ತದೆ. ಮಾಗಡಿ, ಕನಕಪುರದ ಮಾವಿನ ತೋಟಗಳಲ್ಲಿ ಬೆನ್ನಿಗೆ ಕಟ್ಟಿಕೊಳ್ಳುವ ಬ್ಯಾಟರಿ ಸ್ಪ್ರೇಯರಿನದು 12 ವೋಲ್ಟ್. ಕರೆಂಟ್ ಹೋದಾಗ ನೂಲು ಬಿಚ್ಚುವ ಮನೆಯಲ್ಲಿ ಹಚ್ಚುವ ಎಮರ್ಜೆನ್ಸಿ ದೀಪದೊಳಗೂ ಇಂಥದೇ ಏರ್ಪಾಡು. ಚಾಕಿ ಸಾಕಣೆಯ ಕೋಣೆಯಲ್ಲಿ ಎಳೆಯ ರೇಷ್ಮೆ ಹುಳುಗಳಿಗೆ 27ರಿಂದ 28 ಡಿಗ್ರಿ ಶಾಖ ತಪ್ಪದಂತೆ ನೋಡಿಕೊಳ್ಳುವ ಕಂಟ್ರೋಲರ್ ಬೋರ್ಡಿಗೂ ಸ್ಥಿರವಾದ ವೋಲ್ಟೇಜ್ ಬೇಕು. ಗೂಡಿನ ಮಾರುಕಟ್ಟೆಯನ್ನೇ ನಂಬಿದ ಊರಿನಲ್ಲಿ ಈ ಪೆಟ್ಟಿಗೆಗಳು ಸುಮ್ಮನೆ ಕೆಡುವುದಿಲ್ಲ, ಯಾರದೋ ಒಂದು ದಿನದ ದುಡಿಮೆಯನ್ನೋ ಒಂದು ಬೆಳೆಯನ್ನೋ ಜೊತೆಗೆ ಕೆಡಿಸುತ್ತವೆ.

ಮೊದಲು ಸರ್ಕ್ಯೂಟನ್ನೇ ನೋಡೋಣ. 15 ವೋಲ್ಟಿನ ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡಿನ ಬ್ರಿಡ್ಜ್, ಒಂದು ದೊಡ್ಡ ಕೆಪ್ಯಾಸಿಟರ್. ಅಲ್ಲಿ ಸಿಗುವುದು ಸುಮಾರು 20 ವೋಲ್ಟ್ ಡಿಸಿ. ಅದರ ಮುಂದೆ 2ಎನ್3055 ಪವರ್ ಟ್ರಾನ್ಸಿಸ್ಟರ್. ಅದರ ಬೇಸಿಗೆ 13 ವೋಲ್ಟಿನ ಜೀನರ್ ಡಯೋಡ್, ಜೀನರಿಗೆ ಕರೆಂಟ್ ಕೊಡಲು 330 ಓಮ್ ರೆಸಿಸ್ಟರ್. ಔಟ್‌ಪುಟ್ಟಿನಲ್ಲಿ 12 ವೋಲ್ಟಿಗಿಂತ ತುಸು ಹೆಚ್ಚು ಬರುತ್ತದೆ. ಒಂದು ಆಂಪಿಯರ್ ಎಳೆದರೆ ಟ್ರಾನ್ಸಿಸ್ಟರಿನ ಮೇಲೆ ಸುಮಾರು 8 ವೋಲ್ಟ್ ಬಿದ್ದು, 8 ವ್ಯಾಟ್ ಶಾಖ ಹುಟ್ಟುತ್ತದೆ. ಕಟ್ಟಿದವನು ಆ 8 ವ್ಯಾಟಿಗೆ ತಕ್ಕ ಹೀಟ್‌ಸಿಂಕ್ ಹಾಕಿ, ಲೆಕ್ಕ ಮುಗಿಯಿತು ಎಂದುಕೊಳ್ಳುತ್ತಾನೆ.

ಈಗ ಔಟ್‌ಪುಟ್ಟಿನ ಎರಡು ತಂತಿ ಒಂದಕ್ಕೊಂದು ತಾಗಲಿ. ತಾಗದೇ ಇರುತ್ತವೆಯೇ? ಕ್ಲಿಪ್ಪು ಜಾರುತ್ತದೆ, ತಂತಿಯ ಮೇಲಿನ ಪ್ಲಾಸ್ಟಿಕ್ಕನ್ನು ಇಲಿ ಕಡಿಯುತ್ತದೆ, ಮುಂದಿನ ಬೋರ್ಡಿನ ಕೆಪ್ಯಾಸಿಟರ್ ಒಳಗೇ ಶಾರ್ಟ್ ಆಗುತ್ತದೆ. ತಾಗಿದ ಕ್ಷಣ ಜೀನರ್ ಆಟದಿಂದ ಹೊರಗೆ. ಬೇಸಿನ ವೋಲ್ಟೇಜ್ 0.7ಕ್ಕೆ ಇಳಿದು, 330 ಓಮ್ ರೆಸಿಸ್ಟರಿನಲ್ಲಿ ಹರಿಯುವ 58 ಮಿಲಿ ಆಂಪಿಯರ್ ಪೂರ್ತಿಯಾಗಿ ಬೇಸಿಗೇ ನುಗ್ಗುತ್ತದೆ. ಟ್ರಾನ್ಸಿಸ್ಟರಿನ ಗೇನ್ 50 ಎಂದಿಟ್ಟುಕೊಂಡರೂ ಕಲೆಕ್ಟರಿನಲ್ಲಿ 2.9 ಆಂಪಿಯರ್. ವೋಲ್ಟೇಜೂ ಈಗ 8 ಅಲ್ಲ, ಪೂರ್ತಿ 20. ಟ್ರಾನ್ಸ್‌ಫಾರ್ಮರ್ ಸ್ವಲ್ಪ ಬಗ್ಗುತ್ತದೆ ಎಂದು ಕಳೆದರೂ ಶಾಖ 50 ವ್ಯಾಟಿನ ಆಸುಪಾಸಿಗೆ ಏರಿತು. 8 ವ್ಯಾಟಿಗೆಂದು ಹಾಕಿದ ಹೀಟ್‌ಸಿಂಕಿನ ಮೇಲೆ ಅದರ ಆರೇಳು ಪಟ್ಟು ಹೊರೆ. 2ಎನ್3055ಕ್ಕೆ 115 ವ್ಯಾಟ್ ತಾಳುವ ಶಕ್ತಿ ಇದೆಯಲ್ಲ ಎಂದು ಕೇಳುವವರಿದ್ದಾರೆ. ಆ 115 ವ್ಯಾಟ್ ಟ್ರಾನ್ಸಿಸ್ಟರಿನ ಲೋಹದ ಮೈಯನ್ನು 25 ಡಿಗ್ರಿಯಲ್ಲೇ ಇಟ್ಟರೆ ಮಾತ್ರ. ಮೈ 100 ಡಿಗ್ರಿಗೆ ಏರಿದರೆ ತಾಳುವುದು 66 ವ್ಯಾಟ್. ಅದಕ್ಕಿಂತ ಬಿಸಿಯಾದಂತೆ ಇನ್ನೂ ಕಡಿಮೆ, ಬಿಸಿಯಾದಂತೆ ಗೇನ್ ಮಾತ್ರ ಇನ್ನೂ ಹೆಚ್ಚು. ಕೆಡುವ ದಾರಿಯಲ್ಲಿ ಅದು ತಾನೇ ತನ್ನನ್ನು ಮುಂದಕ್ಕೆ ತಳ್ಳಿಕೊಂಡು ಹೋಗುತ್ತದೆ.

ಆ ಹೊತ್ತಿನಲ್ಲಿ ಫ್ಯೂಸ್ ಏನು ಮಾಡುತ್ತಿರುತ್ತದೆ?

ಬಹಳಷ್ಟು ಪೆಟ್ಟಿಗೆಗಳಲ್ಲಿ ಫ್ಯೂಸ್ ಇರುವುದು 230 ವೋಲ್ಟಿನ ಕಡೆ. ಡಿಸಿ ಕಡೆ 2.9 ಆಂಪಿಯರ್ ಹರಿದರೆ, ಬ್ರಿಡ್ಜ್ ಮತ್ತು ಕೆಪ್ಯಾಸಿಟರಿನ ಗುಣದಿಂದ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿಯಲ್ಲಿ ಸುಮಾರು 5 ಆಂಪಿಯರ್. ಅದನ್ನು 15ರಿಂದ ಗುಣಿಸಿ 230ರಿಂದ ಭಾಗಿಸಿ: ಪ್ರೈಮರಿಯಲ್ಲಿ ಮೂರನೇ ಒಂದು ಆಂಪಿಯರ್. ಸ್ವಿಚ್ ಹಾಕಿದ ಕ್ಷಣದ ರಭಸಕ್ಕೆ ಸುಡದಿರಲಿ ಎಂದು ಅಲ್ಲಿ ಹಾಕಿರುವುದು ಅರ್ಧ ಆಂಪಿಯರಿನ ಫ್ಯೂಸ್, ಎಷ್ಟೋ ಕಡೆ ಒಂದು ಆಂಪಿಯರಿನದು. ಒಳಗೆ ಟ್ರಾನ್ಸಿಸ್ಟರ್ ಬೇಯುತ್ತಿದ್ದರೆ ಹೊರಗಿನ ಫ್ಯೂಸಿಗೆ ತನ್ನ ಮಿತಿಯೊಳಗಿನ ಕೆಲಸವೇ ಕಾಣುತ್ತದೆ. ಅದು ಕರಗುವ ಪ್ರಶ್ನೆಯೇ ಇಲ್ಲ. "ಫ್ಯೂಸ್ ಐತಲ್ಲ" ಎಂಬ ಭರವಸೆ ನಿಂತಿರುವುದು ಇಂಥ ಫ್ಯೂಸಿನ ಮೇಲೆ.

ಫ್ಯೂಸನ್ನು ಡಿಸಿ ಕಡೆ, ಔಟ್‌ಪುಟ್ಟಿನ ಹತ್ತಿರವೇ ಹಾಕಿದರೆ ಆಗದೇ? ಸ್ವಲ್ಪ ಆಗುತ್ತದೆ, ಸಾಲದು. ಗಾಜಿನ ಕೊಳವೆಯ ಚಿಕ್ಕ ಫ್ಯೂಸುಗಳಿಗೆ ಐಇಸಿ 60127 ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ. ಬೇಗ ಕರಗುವ ಜಾತಿಯ ಫ್ಯೂಸ್ ಕೂಡ ತನ್ನ ಮೇಲೆ ಬರೆದಿರುವ ಕರೆಂಟಿನ 2.1 ಪಟ್ಟು ಹರಿದಾಗ ಕರಗಲು ಅರ್ಧ ಗಂಟೆಯವರೆಗೆ ತೆಗೆದುಕೊಳ್ಳಬಹುದು ಎಂದು ಆ ಮಾನದಂಡವೇ ಒಪ್ಪುತ್ತದೆ. 2.75 ಪಟ್ಟಿಗೆ ಎರಡು ಸೆಕೆಂಡಿನವರೆಗೆ, ಹತ್ತು ಪಟ್ಟು ಹರಿದರೂ 20 ಮಿಲಿಸೆಕೆಂಡಿನವರೆಗೆ ಸಮಯವಿದೆ. ಫ್ಯೂಸ್ ಕೆಟ್ಟದ್ದೆಂದಲ್ಲ, ಅದರ ಧರ್ಮವೇ ಅದು: ಅದು ಕಾದು ಕರಗಬೇಕಾದ ತಂತಿ. ಟ್ರಾನ್ಸಿಸ್ಟರಿನೊಳಗಿನ ಸಿಲಿಕಾನ್ ಚೂರು ಉಗುರಿಗಿಂತ ಚಿಕ್ಕದು, ಅದು ಕಾಯಲು ಅಷ್ಟು ಹೊತ್ತು ಬೇಕಿಲ್ಲ.

ಹಳೆಯ 2ಎನ್3055 ಗಟ್ಟಿ ಜೀವ, ಕೆಲವು ಸೆಕೆಂಡು ತಾಳೀತು. ಅದರ ಜಾಗಕ್ಕೆ ಟಿಐಪಿ122ರಂಥ ಡಾರ್ಲಿಂಗ್ಟನ್ ಹಾಕಿದರೆ ಕಥೆ ಬೇರೆ. ಗೇನ್ ಸಾವಿರದ ಮೇಲೆ ಇರುವುದರಿಂದ ಬೇಸಿಗೆ ಸ್ವಲ್ಪ ಕರೆಂಟ್ ಸಾಕು, ಜೀನರಿಗೆ 2.2 ಕಿಲೋ ಓಮ್ ಹಾಕಿ ಉಳಿತಾಯವಾಯಿತು ಎಂದುಕೊಳ್ಳುತ್ತಾರೆ. ಶಾರ್ಟ್ ಆದಾಗ ಬೇಸಿಗೆ ಬರುವ 8–9 ಮಿಲಿ ಆಂಪಿಯರನ್ನು ಸಾವಿರದಿಂದ ಗುಣಿಸಿ ನೋಡಿ. 5 ಆಂಪಿಯರಿಗೆಂದು ಮಾಡಿದ ಟ್ರಾನ್ಸಿಸ್ಟರಿನಲ್ಲಿ ಅದಕ್ಕಿಂತ ಹೆಚ್ಚು ಹರಿಯಲು ಬಾಗಿಲು ತೆರೆದಿದೆ. ದೊಡ್ಡ ಕೆಪ್ಯಾಸಿಟರಿನಲ್ಲಿ ತುಂಬಿಟ್ಟ ಚಾರ್ಜು ಮೊದಲು ಹೊಡೆಯುತ್ತದೆ. ಗೋಡೆಯ ಕಡೆಯ ಫ್ಯೂಸಿಗೆ ಆ ಚಾರ್ಜಿನ ಮೇಲೆ ಯಾವ ಅಧಿಕಾರವೂ ಇಲ್ಲ, ಅದು ಆಗಲೇ ಫ್ಯೂಸನ್ನು ದಾಟಿ ಬಂದು ಕೂತಿದೆ.

ಇಷ್ಟಾದರೆ ಒಂದು ಟ್ರಾನ್ಸಿಸ್ಟರ್ ಹೋಯಿತು, ಇನ್ನೊಂದು ಹಾಕಿದರಾಯಿತು ಎನ್ನಬಹುದು. ಈ ವಾದದ ಅತಿ ದೊಡ್ಡ ಮೋಸ ಇಲ್ಲೇ ಇರುವುದು. ಪವರ್ ಟ್ರಾನ್ಸಿಸ್ಟರ್ ಸುಟ್ಟಾಗ ಸಾಮಾನ್ಯವಾಗಿ ಅದು ತೆರೆದುಕೊಳ್ಳುವುದಿಲ್ಲ, ಕಲೆಕ್ಟರ್ ಮತ್ತು ಎಮಿಟರ್ ಒಳಗೇ ಬೆಸೆದುಕೊಂಡು ತಂತಿಯಂತಾಗುತ್ತದೆ. ರಿಪೇರಿ ಮಾಡುವವರು ಮಲ್ಟಿಮೀಟರಿನ ಬೀಪ್ ಕೇಳಿ "ಸಿ‌ಇ ಶಾರ್ಟ್" ಎಂದು ದಿನವೂ ಹೇಳುವುದು ಇದನ್ನೇ. ಹಾಗಾದ ಮೇಲೆ ಔಟ್‌ಪುಟ್ಟಿನ ಶಾರ್ಟ್ ಬಿಡಿಸಿ ಮತ್ತೆ ಲೋಡ್ ಜೋಡಿಸಿದರೆ 12 ವೋಲ್ಟ್ ಕೇಳಿದ ಬೋರ್ಡಿಗೆ 20 ವೋಲ್ಟ್ ಹೋಗುತ್ತದೆ. 5 ವೋಲ್ಟಿನ ಸಪ್ಲೈ ಆಗಿದ್ದರೆ ಮುಂದಿರುವ ಪ್ರತಿಯೊಂದು ಐಸಿಯೂ ಸತ್ತಂತೆ. ಆಗಲೂ ಫ್ಯೂಸ್ ಕರಗಬೇಕೆಂದಿಲ್ಲ, ಹರಿಯುತ್ತಿರುವ ಕರೆಂಟ್ ಅದರ ಮಿತಿಯೊಳಗೇ ಇರಬಹುದು. ಹೋದದ್ದು ಅಗ್ಗದ ಟ್ರಾನ್ಸಿಸ್ಟರ್ ಅಲ್ಲ, ಅದು ಕಾಯಬೇಕಾಗಿದ್ದ ತಕ್ಕಡಿ, ಅದು ಕಾಯಬೇಕಾಗಿದ್ದ ಕಂಟ್ರೋಲರ್. ರಾತ್ರಿ ಚಾಕಿ ಕೋಣೆಯ ಶಾಖದ ಕಂಟ್ರೋಲರ್ ಹೀಗೆ ಸತ್ತರೆ ಬೆಳಗಿನ ಹೊತ್ತಿಗೆ ಹುಳುಗಳ ಗತಿ ಏನು ಎಂದು ರೇಷ್ಮೆ ಬೆಳೆಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇದನ್ನೆಲ್ಲ ತಡೆಯಲು ಬೇಕಾದದ್ದು ಎರಡು ಬಿಡಿಭಾಗ. ಒಂದು ಬಿಸಿ547 ಟ್ರಾನ್ಸಿಸ್ಟರ್, ಒಂದು 0.68 ಓಮಿನ 2 ವ್ಯಾಟ್ ರೆಸಿಸ್ಟರ್. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಎರಡನ್ನೂ ಸೇರಿಸಿ ಕೊಂಡರೂ ಹೋಟೆಲಿನ ಒಂದು ಕಾಫಿಯಷ್ಟು ಖರ್ಚಾಗುವುದಿಲ್ಲ. ರೆಸಿಸ್ಟರನ್ನು ಪವರ್ ಟ್ರಾನ್ಸಿಸ್ಟರಿನ ಎಮಿಟರಿಗೂ ಔಟ್‌ಪುಟ್ಟಿಗೂ ನಡುವೆ ಇಡಿ. ಬಿಸಿ547ರ ಬೇಸನ್ನು ರೆಸಿಸ್ಟರಿನ ಎಮಿಟರ್ ತುದಿಗೆ, ಎಮಿಟರನ್ನು ಔಟ್‌ಪುಟ್ ತುದಿಗೆ, ಕಲೆಕ್ಟರನ್ನು ಪವರ್ ಟ್ರಾನ್ಸಿಸ್ಟರಿನ ಬೇಸಿಗೆ ಜೋಡಿಸಿ. ಕರೆಂಟ್ ಕಡಿಮೆ ಇರುವಾಗ ಬಿಸಿ547 ಮಲಗಿರುತ್ತದೆ. ಕರೆಂಟ್ 0.95 ಆಂಪಿಯರ್ ಮುಟ್ಟಿದಾಗ ರೆಸಿಸ್ಟರಿನ ಮೇಲೆ 0.65 ವೋಲ್ಟ್ ಬೀಳುತ್ತದೆ, ಬಿಸಿ547 ಎಚ್ಚೆತ್ತು ಪವರ್ ಟ್ರಾನ್ಸಿಸ್ಟರಿನ ಬೇಸಿಗೆ ಹೋಗುತ್ತಿದ್ದ ಕರೆಂಟನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಔಟ್‌ಪುಟ್ ಪೂರ್ತಿ ಶಾರ್ಟ್ ಆದರೂ ಹರಿಯುವುದು ಒಂದು ಆಂಪಿಯರಿನ ಒಳಗೇ. ಶಾರ್ಟ್ ಬಿಡಿಸಿದ ಕೂಡಲೇ 12 ವೋಲ್ಟ್ ತಾನಾಗಿ ವಾಪಸ್ ಬರುತ್ತದೆ. ಬದಲಾಯಿಸಲು ಫ್ಯೂಸಿಲ್ಲ, ಬಿಚ್ಚಲು ಪೆಟ್ಟಿಗೆಯಿಲ್ಲ. ಕೆರೆ ಕಟ್ಟಿದ ನಮ್ಮ ಹಿರಿಯರು ಕೋಡಿ ಬಿಡದೆ ಏರಿ ಕಟ್ಟಲಿಲ್ಲ; ಫ್ಯೂಸ್ ಎನ್ನುವುದು ಏರಿ ಒಡೆದಾಗಿನ ಏರ್ಪಾಡು, ಕರೆಂಟ್ ಲಿಮಿಟ್ ಎನ್ನುವುದು ಕೋಡಿ.

ಈ ಪುಟ್ಟ ಸರ್ಕ್ಯೂಟಿನಲ್ಲಿ ನನಗೆ ಬಹಳ ಮೆಚ್ಚುಗೆಯಾಗುವ ಒಂದು ಗುಣವಿದೆ. ಸಿಲಿಕಾನ್ ಬಿಸಿಯಾದಂತೆ ಅದರ ಬೇಸ್–ಎಮಿಟರ್ ವೋಲ್ಟೇಜ್ ಪ್ರತಿ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಪೆಟ್ಟಿಗೆಯ ಒಳಗೆ 50 ಡಿಗ್ರಿ ಏರಿದರೆ 0.65 ಇದ್ದದ್ದು 0.55 ಆಗುತ್ತದೆ, ಕರೆಂಟಿನ ಮಿತಿ ಆರನೇ ಒಂದು ಭಾಗದಷ್ಟು ತಾನೇ ತಗ್ಗುತ್ತದೆ. ಬಿಸಿಯಾದಾಗ ಇನ್ನಷ್ಟು ಹುಷಾರಾಗುವ ಕಾವಲುಗಾರ ಪುಕ್ಕಟೆಯಾಗಿ ಸಿಕ್ಕಂತಾಯಿತು. "ಮಿತಿ ಸರಿಯಾಗಿ ನಿಲ್ಲೋದಿಲ್ಲ, ಟೆಂಪರೇಚರಿಗೆ ಅಲ್ಲಾಡುತ್ತೆ" ಎಂದು ಪುಸ್ತಕ ಓದಿದವರು ಇದನ್ನೇ ದೋಷವೆಂದು ತೋರಿಸುತ್ತಾರೆ. ಅಲ್ಲಾಡುವುದು ನಿಜ. ಅಲ್ಲಾಡುವ ದಿಕ್ಕು ಯಾವುದು ಎಂದು ಅವರು ನೋಡುವುದಿಲ್ಲ.

ಇನ್ನೊಂದು ಆಕ್ಷೇಪ: ಆ ರೆಸಿಸ್ಟರಿನ ಮೇಲೆ ಅರ್ಧ ವೋಲ್ಟಿಗೂ ಮೇಲೆ ಬೀಳುತ್ತದೆ, ರೆಗ್ಯುಲೇಷನ್ ಕೆಡುತ್ತದೆ. ಜೀನರ್ ಮತ್ತು ಒಂದೇ ಟ್ರಾನ್ಸಿಸ್ಟರಿನ ಸರಳ ಸರ್ಕ್ಯೂಟಿನಲ್ಲಿ ಈ ಮಾತು ಒಪ್ಪತಕ್ಕದ್ದೇ. ಆದರೆ ಔಟ್‌ಪುಟ್ಟನ್ನು ಅಳೆದು ತಿದ್ದುವ ಫೀಡ್‌ಬ್ಯಾಕ್ ಇರುವ ರೆಗ್ಯುಲೇಟರಿನಲ್ಲಿ, ಅಳತೆಯ ತಂತಿಯನ್ನು ಈ ರೆಸಿಸ್ಟರಿನ ಆಚೆ ತುದಿಯಿಂದ ತೆಗೆದುಕೊಂಡರೆ ಸಾಕು, ಆ ಇಳಿತವನ್ನು ಸರ್ಕ್ಯೂಟೇ ತುಂಬಿಕೊಡುತ್ತದೆ. ಇನ್‌ಪುಟ್ಟಿನಲ್ಲಿ ಅರ್ಧ ಮುಕ್ಕಾಲು ವೋಲ್ಟ್ ಹೆಚ್ಚಿಗೆ ಇದ್ದರಾಯಿತು. ಫೀಡ್‌ಬ್ಯಾಕನ್ನು ತಪ್ಪು ಜಾಗದಿಂದ ತೆಗೆದವನು ತನ್ನ ತಪ್ಪನ್ನು ಕರೆಂಟ್ ಲಿಮಿಟಿಂಗಿನ ಮೇಲೆ ಹೊರಿಸುವುದು ನ್ಯಾಯವಲ್ಲ.

ಈಗ ಲ್ಯಾಬಿನ ಮಾತಿಗೆ ಬರುತ್ತೇನೆ, ಏಕೆಂದರೆ ಅಂಗಡಿಯಲ್ಲಿ ಕೇಳುವ ಮಾತು ಹುಟ್ಟುವುದು ಅಲ್ಲಿ. ಈ ಜಿಲ್ಲೆಗೆ ಕಲಿಕೆಯ ಬರವಿಲ್ಲ. ಚನ್ನಪಟ್ಟಣದಲ್ಲಿ ಸರ್ಕಾರಿ ಪಾಲಿಟೆಕ್ನಿಕ್ ಇದೆ, ರಾಮನಗರದಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ, ತಾಲ್ಲೂಕುಗಳಲ್ಲಿ ಐಟಿಐಗಳಿವೆ. ಕರ್ನಾಟಕದುದ್ದಕ್ಕೂ ಎಲೆಕ್ಟ್ರಾನಿಕ್ಸ್ ಕಲಿಯುವ ಮಕ್ಕಳು ಜೀನರ್ ಮತ್ತು ಟ್ರಾನ್ಸಿಸ್ಟರಿನ ಸೀರೀಸ್ ರೆಗ್ಯುಲೇಟರನ್ನು ಬ್ರೆಡ್‌ಬೋರ್ಡಿನಲ್ಲಿ ಕಟ್ಟುತ್ತಾರೆ, ಅನೇಕ ವೇಳೆ ಜಾಲಹಳ್ಳಿಯ ಬಿಇಎಲ್ ಹೆಸರಿನೊಂದಿಗೆ ನಮ್ಮ ತಲೆಮಾರುಗಳಿಗೆ ಪರಿಚಯವಾದ ಎಸ್‌ಎಲ್ 100 ಟ್ರಾನ್ಸಿಸ್ಟರಿನಲ್ಲಿ. ಇನ್‌ಪುಟ್ ಬದಲಾಯಿಸಿ ಲೈನ್ ರೆಗ್ಯುಲೇಷನ್ ಬರೆಯುತ್ತಾರೆ, ಲೋಡ್ ಬದಲಾಯಿಸಿ ಲೋಡ್ ರೆಗ್ಯುಲೇಷನ್ ಬರೆಯುತ್ತಾರೆ, ಗ್ರಾಫ್ ಎಳೆಯುತ್ತಾರೆ, ರೆಕಾರ್ಡಿಗೆ ಸಹಿ ಬೀಳುತ್ತದೆ. ಲೋಡ್ ಶೂನ್ಯ ಓಮ್ ಆದರೆ ಏನಾಗುತ್ತದೆ ಎಂಬ ಸಾಲು ಆ ಕೋಷ್ಟಕದಲ್ಲಿ ಇಲ್ಲ.

ಅದು ಏಕೆ ಯಾರಿಗೂ ಕೊರತೆಯಾಗಿ ಕಾಣುವುದಿಲ್ಲ? ಕಾರಣ ಮೇಜಿನ ಮೇಲೇ ಇದೆ. ಮಕ್ಕಳು ತಮ್ಮ ಸರ್ಕ್ಯೂಟಿಗೆ ಇನ್‌ಪುಟ್ ತೆಗೆದುಕೊಳ್ಳುವುದು ಲ್ಯಾಬಿನ ರೆಗ್ಯುಲೇಟೆಡ್ ಪವರ್ ಸಪ್ಲೈಯಿಂದ. ಆ ಸಪ್ಲೈನಲ್ಲಿ ವೋಲ್ಟೇಜಿನ ಗುಂಡಿಯ ಪಕ್ಕದಲ್ಲೇ ಕರೆಂಟಿನ ಗುಂಡಿ ಇದೆ. ಮಗು ತಪ್ಪಿ ಶಾರ್ಟ್ ಮಾಡಿದರೆ ಮುಂಭಾಗದ ಕೆಂಪು ದೀಪ ಹತ್ತುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಎಲ್ಲವೂ ಉಳಿದುಕೊಳ್ಳುತ್ತದೆ. ಅಂದರೆ ಕರೆಂಟ್ ಲಿಮಿಟಿಂಗ್ ಬೇಕಿಲ್ಲ ಎಂದು ಕಲಿಸುವ ಕೊಠಡಿ ಇಷ್ಟು ವರ್ಷ ನಡೆದಿರುವುದೇ ಪ್ರತಿ ಮೇಜಿನ ಮೇಲಿರುವ ಕರೆಂಟ್ ಲಿಮಿಟಿಂಗಿನ ದಯೆಯಿಂದ. ಅದೇ ಮಗು ಮನೆಗೆ ಹೋಗಿ ಟ್ರಾನ್ಸ್‌ಫಾರ್ಮರಿಟ್ಟು ಅದೇ ಸರ್ಕ್ಯೂಟ್ ಕಟ್ಟಿದಾಗ ಆ ದಯೆ ಅಲ್ಲಿಲ್ಲ. ಗಾಳಿಗೆ ತೆರೆದಿಟ್ಟ ಎಸ್‌ಎಲ್ 100 ತಾಳುವುದು ಒಂದು ವ್ಯಾಟಿಗೂ ಕಡಿಮೆ. ಒಮ್ಮೆ ತಂತಿ ತಾಗಿದರೆ ಅದು ಮುಗಿಯಿತು, ತಾನು ಏನೋ ತಪ್ಪಾಗಿ ಜೋಡಿಸಿದೆ ಎಂದು ಮಗು ಅಂದುಕೊಳ್ಳುತ್ತದೆ. ಮಗು ಏನೂ ತಪ್ಪು ಮಾಡಿಲ್ಲ. ಅದಕ್ಕೆ ಕೊಟ್ಟ ಚಿತ್ರವೇ ಅಪೂರ್ಣ.

ಚಿತ್ರ ಬರೆದ ಮೂಲದವರು ಇದನ್ನು ಎಂದೂ ಬಿಟ್ಟಿರಲಿಲ್ಲ. ನಮ್ಮ ಲ್ಯಾಬುಗಳಲ್ಲಿ ಇಂದಿಗೂ ಬಳಸುವ 723 ಐಸಿಯ ಹದಿನಾಲ್ಕು ಕಾಲುಗಳನ್ನು ನೋಡಿ. ಎರಡನೆಯದು ಕರೆಂಟ್ ಲಿಮಿಟ್, ಮೂರನೆಯದು ಕರೆಂಟ್ ಸೆನ್ಸ್. ಮೇಲೆ ಹೇಳಿದ ಬಿಸಿ547ರ ಕೆಲಸ ಮಾಡುವ ಟ್ರಾನ್ಸಿಸ್ಟರ್ ಆ ಎರಡು ಕಾಲುಗಳ ಹಿಂದೆಯೇ ಕೂತಿದೆ, ಹೊರಗಿನಿಂದ ಒಂದು ರೆಸಿಸ್ಟರ್ ಕೊಟ್ಟರೆ ಸಾಕು. ಹದಿನಾಲ್ಕರಲ್ಲಿ ಎರಡು ಕಾಲನ್ನು ಬೇಡದ ಸೌಲಭ್ಯಕ್ಕೆ ಯಾವ ಕಂಪನಿ ಮೀಸಲಿಟ್ಟೀತು? 1969ರಲ್ಲಿ ನ್ಯಾಷನಲ್ ಸೆಮಿಕಂಡಕ್ಟರಿನ ಬಾಬ್ ವಿಡ್ಲರ್ ಮೂರೇ ಕಾಲಿನ ಎಲ್‌ಎಂ109 ರೆಗ್ಯುಲೇಟರ್ ತಂದಾಗ, ಕಾಲುಗಳನ್ನು ಕಡಿಮೆ ಮಾಡಿದರೇ ಹೊರತು ಕರೆಂಟಿನ ಕಾವಲನ್ನು ಕಡಿಮೆ ಮಾಡಲಿಲ್ಲ. ಅದನ್ನು ಚಿಪ್ಪಿನ ಒಳಗೇ ಸೇರಿಸಿ, ಮೇಲೆ ಶಾಖ ಹೆಚ್ಚಾದರೆ ತಾನೇ ನಿಲ್ಲುವ ಏರ್ಪಾಡನ್ನೂ ಕೊಟ್ಟರು. ಆಮೇಲೆ ಬಂದ 7805, 7812, ಎಲ್‌ಎಂ317 ಎಲ್ಲವೂ ಅದೇ ದಾರಿ ಹಿಡಿದವು.

"ಹಾಗಾದರೆ 7812 ಹಾಕಿದರಾಯ್ತಲ್ಲ, ಒಳಗೇ ಎಲ್ಲಾ ಇದೆ" ಎನ್ನುವವರಿಗೆ ನನ್ನ ಅರ್ಧ ಒಪ್ಪಿಗೆ ಇದೆ. ಒಂದು ಆಂಪಿಯರ್ ಸಾಕು ಎನ್ನುವ ಕಡೆ 7812 ಹಾಕಿ, ನಿಶ್ಚಿಂತೆಯಿಂದಿರಿ. ಆದರೆ ಸ್ಪ್ರೇಯರಿಗೋ ಆ್ಯಂಪ್ಲಿಫೈಯರಿಗೋ ಮೂರು ನಾಲ್ಕು ಆಂಪಿಯರ್ ಬೇಕಾದಾಗ ಮಾಡುವುದೇನು? 7812ರ ಪಕ್ಕದಲ್ಲಿ ಒಂದು ಪಿಎನ್‌ಪಿ ಪವರ್ ಟ್ರಾನ್ಸಿಸ್ಟರ್, ಉದಾಹರಣೆಗೆ ಎಂಜೆ2955, ಜೋಡಿಸುತ್ತಾರೆ. ಹೆಚ್ಚಿನ ಕರೆಂಟ್ ಈಗ ಐಸಿಯನ್ನು ಬಿಟ್ಟು ಪಕ್ಕದಿಂದ ಹೋಗುತ್ತದೆ, ಐಸಿಯ ಒಳಗಿನ ಕಾವಲುಗಾರನಿಗೆ ಅದು ಕಾಣುವುದೇ ಇಲ್ಲ. ಶಾರ್ಟ್ ಆದರೆ ಐಸಿ ಬದುಕುತ್ತದೆ, ಪಕ್ಕದ ಟ್ರಾನ್ಸಿಸ್ಟರ್ ಸುಡುತ್ತದೆ, ಮತ್ತೆ ಅದೇ ಸಿ‌ಇ ಶಾರ್ಟ್, ಮತ್ತೆ ಅದೇ 20 ವೋಲ್ಟ್. ಐಸಿ ತಯಾರಕರ ಡೇಟಾಶೀಟಿನಲ್ಲಿ ಈ ಹೆಚ್ಚಿನ ಕರೆಂಟಿನ ಚಿತ್ರದ ಜೊತೆಗೇ ಇನ್ನೊಂದು ಚಿತ್ರ ಇದೆ: ಅದರಲ್ಲಿ ಇನ್ನೊಂದು ಪಿಎನ್‌ಪಿ, ಒಂದು ಚಿಕ್ಕ ರೆಸಿಸ್ಟರ್, ಶಾರ್ಟಿನಿಂದ ಕಾಪಾಡಲು. ನಮ್ಮಲ್ಲಿ ಕೈಯಿಂದ ಕೈಗೆ ದಾಟಿ ಬಂದಿರುವುದು ಮೊದಲ ಚಿತ್ರ. ಎರಡನೆಯದು ದಾರಿಯಲ್ಲೆಲ್ಲೋ ಉದುರಿಹೋಗಿದೆ.

ಕರೆಂಟ್ ಲಿಮಿಟ್ ಹಾಕಿದರೆ ಎಲ್ಲ ಮುಗಿಯಿತು ಎಂದು ನಾನೂ ಹೇಳುವುದಿಲ್ಲ. ಮೇಲಿನ ಲೆಕ್ಕದಲ್ಲೇ, ಶಾರ್ಟ್ ಆದಾಗ 20 ವೋಲ್ಟ್ ಮತ್ತು 0.95 ಆಂಪಿಯರ್ ಸೇರಿ 19 ವ್ಯಾಟ್ ಆಗುತ್ತದೆ. ಶಾರ್ಟ್ ಎಷ್ಟು ಹೊತ್ತು ಇದ್ದರೂ ತಾಳಬೇಕಾದರೆ ಹೀಟ್‌ಸಿಂಕನ್ನು 8 ವ್ಯಾಟಿಗಲ್ಲ, 19 ವ್ಯಾಟಿಗೆ ಲೆಕ್ಕ ಹಾಕಬೇಕು. ಅದಕ್ಕೆ ಜಾಗವಿಲ್ಲದಿದ್ದರೆ ಫೋಲ್ಡ್‌ಬ್ಯಾಕ್ ಇದೆ: ಇನ್ನೆರಡು ರೆಸಿಸ್ಟರ್ ಸೇರಿಸಿ, ಔಟ್‌ಪುಟ್ ವೋಲ್ಟೇಜ್ ಕುಸಿದಂತೆ ಕರೆಂಟಿನ ಮಿತಿಯೂ ಕುಸಿಯುವಂತೆ ಮಾಡುವುದು. ಶಾರ್ಟಿನಲ್ಲಿ 0.3 ಆಂಪಿಯರ್ ಮಾತ್ರ ಬಿಟ್ಟರೆ 6 ವ್ಯಾಟ್, ಮಾಮೂಲಿಗಿಂತಲೂ ಕಡಿಮೆ. ಆದರೆ ಫೋಲ್ಡ್‌ಬ್ಯಾಕಿಗೂ ಒಂದು ಹಟವಿದೆ. ಮೋಟಾರು ಶುರುವಿನಲ್ಲಿ ಹೆಚ್ಚು ಕರೆಂಟ್ ಕೇಳುತ್ತದೆ, ತಂತಿ ಬಲ್ಬು ತಣ್ಣಗಿರುವಾಗ ಹೆಚ್ಚು ಕೇಳುತ್ತದೆ. ಅಂಥ ಲೋಡಿಗೆ ಫೋಲ್ಡ್‌ಬ್ಯಾಕ್ ಹಾಕಿದರೆ ಸಪ್ಲೈ ತಗ್ಗಿ ಕೂತು ಏಳುವುದೇ ಇಲ್ಲ. ಸ್ಪ್ರೇಯರಿನ ಪಂಪನ್ನು ಮೇಜಿನ ಮೇಲೆ ಓಡಿಸಿ ನೋಡುವವರು ಸ್ಥಿರ ಮಿತಿಯನ್ನೇ ಇಟ್ಟು ಹೀಟ್‌ಸಿಂಕ್ ದೊಡ್ಡದು ಹಾಕುವುದು ಮೇಲು. ಯಾವುದು ಎಲ್ಲಿ ಎಂದು ಯೋಚಿಸುವುದೇ ವಿನ್ಯಾಸ. "ಬೇಡ" ಎನ್ನುವುದು ಯೋಚನೆಯನ್ನು ಬಿಟ್ಟದ್ದು.

ಫ್ಯೂಸನ್ನು ಕಿತ್ತುಹಾಕಿ ಎಂದೂ ಹೇಳುತ್ತಿಲ್ಲ. ಟ್ರಾನ್ಸ್‌ಫಾರ್ಮರಿನ ಒಳಸುತ್ತು ಶಾರ್ಟ್ ಆದರೆ, ಬ್ರಿಡ್ಜಿನ ಡಯೋಡ್ ಹೋದರೆ, ಬೆಂಕಿ ಹತ್ತದಂತೆ ತಡೆಯುವುದು ಫ್ಯೂಸೇ. ಬೆಲೆಬಾಳುವ ಲೋಡ್ ಇದ್ದರೆ ವೋಲ್ಟೇಜ್ ಮಿತಿ ಮೀರಿದ ಕೂಡಲೇ ಔಟ್‌ಪುಟ್ಟನ್ನು ಬೇಕೆಂದೇ ಶಾರ್ಟ್ ಮಾಡುವ ಎಸ್‌ಸಿಆರ್ ಒಂದನ್ನು ಇಟ್ಟು, ಫ್ಯೂಸಿನಿಂದಲೇ ಕೆಲಸ ಮುಗಿಸುವ ಪದ್ಧತಿಯೂ ಇದೆ. ಫ್ಯೂಸ್ ಕಾಯುವುದು ತಂತಿಯನ್ನು, ಮನೆಯನ್ನು. ಟ್ರಾನ್ಸಿಸ್ಟರನ್ನು ಕಾಯುವ ಕೆಲಸವನ್ನು ಅದಕ್ಕೆ ಕೊಟ್ಟವರು ನಾವು.

ಬ್ಯಾಟರಿ ಚಾರ್ಜರಿನ ವಿಷಯದಲ್ಲಂತೂ ಈ ಚರ್ಚೆಗೆ ಜಾಗವೇ ಇಲ್ಲ. 6 ವೋಲ್ಟ್ 4.5 ಆಂಪಿಯರ್ ಅವರ್‌ನ ಸೀಲ್ ಮಾಡಿದ ಬ್ಯಾಟರಿಯ ಮೈಮೇಲೆ ಏನು ಅಚ್ಚಾಗಿದೆ ಎಂದು ತಿರುಗಿಸಿ ಓದಿ. ಯಾವಾಗಲೂ ಚಾರ್ಜಿನಲ್ಲೇ ಇರುವುದಾದರೆ 6.75ರಿಂದ 6.9 ವೋಲ್ಟ್, ಬಳಸಿ ಬಳಸಿ ಚಾರ್ಜ್ ಮಾಡುವುದಾದರೆ 7.2ರಿಂದ 7.5 ವೋಲ್ಟ್, ಅದರ ಕೆಳಗೆ ಶುರುವಿನ ಕರೆಂಟ್ ಹೆಚ್ಚೆಂದರೆ 1.35 ಆಂಪಿಯರ್. ವೋಲ್ಟೇಜಿನಷ್ಟೇ ದಪ್ಪ ಅಕ್ಷರದಲ್ಲಿ ಕರೆಂಟಿನ ಮಿತಿಯನ್ನೂ ಬ್ಯಾಟರಿ ಮಾಡಿದವರು ಬರೆದಿದ್ದಾರೆ. ಸಂತೆಯ ದಿನ ಪೂರ್ತಿ ಓಡಿ ಖಾಲಿಯಾದ ಬ್ಯಾಟರಿಯನ್ನು ಲಿಮಿಟ್ ಇಲ್ಲದ ರೆಗ್ಯುಲೇಟರಿಗೆ ಸಿಕ್ಕಿಸಿದರೆ ಕರೆಂಟನ್ನು ಲೆಕ್ಕವಿಟ್ಟು ತಡೆಯುವವರು ಯಾರೂ ಇಲ್ಲ. ಬ್ಯಾಟರಿ ಬಿಸಿಯಾಗುತ್ತದೆ, ಉಬ್ಬುತ್ತದೆ, ಆಯಸ್ಸು ಕಳೆದುಕೊಳ್ಳುತ್ತದೆ. "ಈಗಿನ ಬ್ಯಾಟರಿ ಬಾಳಿಕೆ ಬರೋಲ್ಲ" ಎಂಬ ದೂರಿನ ಒಂದು ಪಾಲು ಬ್ಯಾಟರಿಯದಲ್ಲ, ಚಾರ್ಜರಿನದು. ಅದೇ ಎರಡು ಬಿಡಿಭಾಗ ಹಾಕಿ, ರೆಸಿಸ್ಟರನ್ನು ಒಂದು ಓಮ್ ಮಾಡಿದರೆ ಮಿತಿ 0.65 ಆಂಪಿಯರಿಗೆ ನಿಲ್ಲುತ್ತದೆ. ಮೊದಲು ಸ್ಥಿರ ಕರೆಂಟಿನಲ್ಲಿ, ಬ್ಯಾಟರಿ ತುಂಬುತ್ತ ಬಂದ ಮೇಲೆ ಸ್ಥಿರ ವೋಲ್ಟೇಜಿನಲ್ಲಿ ನಡೆಯುವ ಒಳ್ಳೆಯ ಚಾರ್ಜರ್ ಅದು. ಬೆಸ್ಕಾಂ ಕರೆಂಟ್ ಹೋದಾಗ ಬ್ಯಾಟರಿಯಿಂದ ಹಿಂದಕ್ಕೆ ಹರಿಯದಂತೆ ಔಟ್‌ಪುಟ್ಟಿನಲ್ಲಿ ಒಂದು ಡಯೋಡ್ ಹಾಕಿ, ಅದರ ಇಳಿತವನ್ನು ವೋಲ್ಟೇಜಿನಲ್ಲಿ ಸರಿದೂಗಿಸುವುದನ್ನು ಮರೆಯಬೇಡಿ.

ಕೊನೆಗೆ ಉಳಿಯುವುದು, ಇದು ಎಸ್‌ಎಂಪಿಎಸ್ ಕಾಲ, ಲೀನಿಯರ್ ರೆಗ್ಯುಲೇಟರಿನ ಮಾತೇಕೆ ಎಂಬ ವಾದ. ಆಡಿಯೊ, ಅಳತೆಯ ಉಪಕರಣ, ಸದ್ದಿಲ್ಲದ ವೋಲ್ಟೇಜ್ ಬೇಕಾದ ಕಡೆಯೆಲ್ಲ ಲೀನಿಯರ್ ಇನ್ನೂ ಇದೆ, ಕಲಿಯುವ ಮಕ್ಕಳ ಮೊದಲ ಸರ್ಕ್ಯೂಟೂ ಅದೇ. ಅದೂ ಅಲ್ಲದೆ, ನೀವು ಹೊಗಳುವ ಎಸ್‌ಎಂಪಿಎಸ್‌ನ ಕಂಟ್ರೋಲರ್ ಐಸಿಯನ್ನು ಬಿಚ್ಚಿ ನೋಡಿ, ಸೆಕೆಂಡಿಗೆ ಸಾವಿರಾರು ಸಲ ಪ್ರತಿ ಸುತ್ತಿನಲ್ಲೂ ಕರೆಂಟನ್ನು ಅಳೆದು ಮಿತಿ ಮೀರಿದರೆ ಕತ್ತರಿಸುವ ಕಾಲು ಅದರಲ್ಲಿದೆ. ಹೊಸ ತಂತ್ರಜ್ಞಾನ ಹಳೆಯದರಿಂದ ಎರವಲು ಪಡೆದದ್ದೇ ಈ ಎಚ್ಚರವನ್ನು. ನಮ್ಮವರು ಹಳೆಯದರಲ್ಲಿ ಅದನ್ನೇ ಬಿಟ್ಟರು.

ಬೊಂಬೆಗಳ ಊರು ಚನ್ನಪಟ್ಟಣಕ್ಕೆ ಈ ವಿಚಾರ ಹೊರಗಿನದಲ್ಲ. ಕೇಂದ್ರ ಸರ್ಕಾರದ ಆಟಿಕೆ ಗುಣಮಟ್ಟ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದೆ. ಮರದ ಅರಗಿನ ಬೊಂಬೆ ಒಂದು ಮಾತು, ಅದರೊಳಗೆ ದೀಪವೋ ಮೋಟಾರೋ ಸೇರಿದರೆ ವಿದ್ಯುತ್ ಆಟಿಕೆಗಳ ಐಎಸ್ 15644 ಮಾನದಂಡದ ಮಾತು ಬರುತ್ತದೆ. ಮಾಮೂಲಿ ಬಳಕೆಯಲ್ಲಿ ಮಾತ್ರ ನೋಡಿ ಬಿಡುವ ಪರೀಕ್ಷೆ ಅದಲ್ಲ, ಶಾರ್ಟ್ ಆದಾಗ ಎಷ್ಟು ಬಿಸಿಯಾಗುತ್ತದೆ ಎಂದೂ ಕೇಳುವ ಪರೀಕ್ಷೆ. ಮಗುವಿನ ಕೈಗೆ ಕೊಡುವ ಬೊಂಬೆಗೆ ಕೇಳುವ ಪ್ರಶ್ನೆಯನ್ನು ಮಗು ಕಾಲೇಜಿಗೆ ಬಂದಾಗ ಅದರ ಸರ್ಕ್ಯೂಟಿಗೆ ಕೇಳದಿರುವುದು ಯಾವ ಪಾಠ?

ಕಲಿಸುವವರಲ್ಲಿ ನನ್ನ ಬೇಡಿಕೆ ಇಷ್ಟೇ. ರೆಗ್ಯುಲೇಟರ್ ಪ್ರಯೋಗದ ಕೋಷ್ಟಕಕ್ಕೆ ಒಂದು ಸಾಲು ಸೇರಿಸಿ: ಔಟ್‌ಪುಟ್ ಶಾರ್ಟ್ ಮಾಡಿದಾಗ ಹರಿಯುವ ಕರೆಂಟ್, ಆಗ ಟ್ರಾನ್ಸಿಸ್ಟರಿನ ಮೇಲಿನ ವ್ಯಾಟ್. ಬಿಸಿ547 ಇಲ್ಲದೆ ಅದನ್ನು ಕಾಗದದ ಮೇಲೆ ಲೆಕ್ಕ ಹಾಕಿಸಿ, ಬಿಸಿ547 ಇಟ್ಟು ಮೀಟರಿನಲ್ಲಿ ಅಳೆಸಿ. ರಿಪೇರಿ ಮಾಡುವ ಅಣ್ಣಂದಿರಲ್ಲಿ ಕೇಳುವುದು: ಸಿ‌ಇ ಶಾರ್ಟ್ ಆದ ಟ್ರಾನ್ಸಿಸ್ಟರ್ ಬದಲಾಯಿಸುವಾಗ ಅದೇ ಬೋರ್ಡಿನಲ್ಲಿ ಆ ಎರಡು ಬಿಡಿಭಾಗಕ್ಕೂ ಬೆಸುಗೆ ಹಾಕಿಬಿಡಿ, ಅದರ ದುಡ್ಡನ್ನೂ ಗಿರಾಕಿಯಿಂದ ಧಾರಾಳವಾಗಿ ತೆಗೆದುಕೊಳ್ಳಿ. ಇನ್ನು ತಕ್ಕಡಿ, ಸ್ಪ್ರೇಯರ್, ಚಾರ್ಜರ್ ಹಿಡಿದು ಅಂಗಡಿಗೆ ಹೋಗುವ ನೀವು, ಪೆಟ್ಟಿಗೆ ವಾಪಸ್ ಪಡೆಯುವ ಮುನ್ನ ಕೇಳಿ: "ಇದರ ಔಟ್‌ಪುಟ್ ಶಾರ್ಟ್ ಆದ್ರೆ ಏನಾಗುತ್ತೆ?" ಉತ್ತರ "ಫ್ಯೂಸ್ ಐತಲ್ಲ" ಎಂದು ಬಂದರೆ, ದುಡ್ಡು ಕೊಡುವ ಮೊದಲು ಕೆಲಸ ಪೂರ್ತಿ ಮಾಡಿಸಿಕೊಳ್ಳಿ.